ತಿರುಚುವ ಸರಳು ಯಾರದು?

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದ ಸೋಮಲಿಂಗಪ್ಪನಿಗೆ ಪೆಲ್ಹ್ಯಾಮ್ ಸಾಹೇಬರೆಂದರೆ ಗುರುಗಳ ಸಮಾನ. ದಾವಣಗೆರೆಯ ಈ ಹುಡುಗ ಇಂಗ್ಲೆಂಡಿನ ಕಾವೆಂಟ್ರಿಗೆ ಹೋಗಿ, ಬ್ರೆಥರ್ಟನ್ ಮೋಟಾರು ಕಂಪನಿಯಲ್ಲಿ ಕೆಲಸ ಕಲಿತದ್ದು ಅವರ ಕೈಕೆಳಗೆ.

ಬ್ರೆಥರ್ಟನ್ ಕಾರು ಎಂಥ ಹಳ್ಳದಿಣ್ಣೆಯಲ್ಲೂ ತೊಟ್ಟಿಲಿನ ಹಾಗೆ ಹೋಗುತ್ತದೆಂದು ಹೆಸರಾಗಿತ್ತು. ಅದಕ್ಕೆ ಕಾರಣ ಮುಂದಿನ ಚಕ್ರಗಳಿಗೆ ಕಟ್ಟಿದ ಉಕ್ಕಿನ ಸರಳು. ಚಕ್ರ ಮೇಲೆದ್ದರೆ ಅದು ತಿರುಚಿಕೊಳ್ಳುತ್ತದೆ, ಆಮೇಲೆ ತಾನಾಗಿ ಮೊದಲಿನಂತಾಗುತ್ತದೆ. ಆ ಸರಳು ಹುಟ್ಟಿದ ಕತೆಯನ್ನು ಪೆಲ್ಹ್ಯಾಮ್ ಅವರೇ ಹೇಳಿದ್ದರು: "ಪಾತ್ರೆ ಒರೆಸುವ ಬಟ್ಟೆ ಹಿಂಡುತ್ತಿದ್ದೆ. ಕೈ ಬಿಟ್ಟೊಡನೆ ಬಟ್ಟೆ ತನ್ನಷ್ಟಕ್ಕೆ ಬಿಚ್ಚಿಕೊಂಡಿತು. ಅಲ್ಲೇ, ಅಡಿಗೆಮನೆಯ ಮೇಜಿನ ಮೇಲೆ ಗೀಚಿದೆ." ಸೋಮಲಿಂಗಪ್ಪ ಈ ಕತೆಯನ್ನು ಬೆಂಗಳೂರಿಗೆ ತಂದು, ಹೆಂಡತಿ ಜಗದಾಂಬಾಗೂ ಸಹೋದ್ಯೋಗಿಗಳಿಗೂ ಬೇಜಾರಾಗುವಷ್ಟು ಸಲ ಹೇಳಿದ್ದ.

ಐವತ್ತಾರನೆಯ ಇಸವಿಯ ಚಳಿಗಾಲ. ನಿವೃತ್ತರಾದ ಪೆಲ್ಹ್ಯಾಮ್ ಆಸ್ಟ್ರೇಲಿಯಾದಲ್ಲಿದ್ದ ತಮ್ಮನ ಮನೆಗೆ ಹೊರಟವರು, ದಾರಿಯಲ್ಲಿ ಬೆಂಗಳೂರಿಗೂ ಬರುವುದಾಗಿ ತಿಳಿಸಿದರು. ಸುದ್ದಿ ಕೇಳಿ ಇಂಜಿನಿಯರುಗಳ ಸಂಘದ ಅಧ್ಯಕ್ಷ ನಂಜುಂಡಪ್ಪ ಕುಣಿದಾಡಿಬಿಟ್ಟರು. "ಸಭೆ ಮಾಡೇಬಿಡೋಣ ಕಣ್ರೀ. ಸರಳು ಕಂಡುಹಿಡಿದೋರು ಅಂತ ನೀವೇ ಪರಿಚಯ ಮಾಡ್ಕೊಡಿ."

ಆ ವಾರದ ಭಾನುವಾರ ಜಗದಾಂಬಾಳ ತಂಗಿ ಕೋಕಿಲಾ ತನ್ನ ಕಾಲೇಜಿನ ಗಣಿತದ ಮೇಡಮ್ಮನ್ನು ಊಟಕ್ಕೆ ಕರೆತಂದಳು. ಮಿಸ್ ಹೋಲ್ಟ್ ಎಂದು ಹೆಸರು. ನರೆಗೂದಲಿನ, ಮೆಲುಮಾತಿನ ಆಂಗ್ಲ ಮಹಿಳೆ. ರೊಟ್ಟಿ ಮುರಿಯುತ್ತ, ತಾನು ಹಿಂದೆ ಬ್ರೆಥರ್ಟನ್ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದೆ ಎಂದರು. ಸೋಮಲಿಂಗಪ್ಪನಿಗೆ ಹಿಡಿಸಲಾರದ ಸಂತೋಷ. ತಕ್ಷಣ ಸರಳಿನ ಮಾತೆತ್ತಿದ.

"ಓ, ಅದಾ?" ಆಕೆ ನಕ್ಕರು. "ಅದು ನನ್ನದೇ. ಪಾತ್ರೆ ಒರೆಸುವ ಬಟ್ಟೆ ಹಿಂಡುತ್ತಿದ್ದೆ. ಕೈ ಬಿಟ್ಟೊಡನೆ..."

ಮುಂದಿನದು ಸೋಮಲಿಂಗಪ್ಪನಿಗೆ ಬಾಯಿಪಾಠವಾಗಿತ್ತು. ಅದೇ ಬಟ್ಟೆ, ಅದೇ ಮೇಜು. ಪೆಲ್ಹ್ಯಾಮ್ ಬರುವ ಸಂಗತಿಯನ್ನು ಆಕೆಗೆ ಹೇಳದೆ ಮುಚ್ಚಿಟ್ಟ. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಆದರೆ ಈಕೆಯ ಮುಖದಲ್ಲಿ ಸುಳ್ಳಿನ ಸುಳಿವೇ ಇಲ್ಲ.

ಪೆಲ್ಹ್ಯಾಮ್ ಬಂದು ಇವರ ಮನೆಯಲ್ಲೇ ಇಳಿದುಕೊಂಡರು. ಸೋಮಲಿಂಗಪ್ಪ ಅವರನ್ನು ಮೈಸೂರು ರಸ್ತೆಯಲ್ಲಿ ಕೆಂಗೇರಿಯವರೆಗೂ ಕಾರಿನಲ್ಲಿ ಸುತ್ತಾಡಿಸಿದ. ಆಲದ ಮರವೊಂದರ ನೆರಳಲ್ಲಿ ನಿಂತಾಗ ಮೆಲ್ಲಗೆ ಕೇಳಿದ: "ಸಾರ್, ಆ ಸರಳಿನ ವಿಚಾರ..."

"ಮರೆತುಬಿಟ್ಟೆಯಾ? ಬಟ್ಟೆ ಹಿಂಡುತ್ತಿದ್ದೆ," ಎಂದು ಮುದುಕರು ಕತೆಯನ್ನು ಮತ್ತೊಮ್ಮೆ ಹೇಳಿದರು. ಅವರ ಮುಖದಲ್ಲೂ ಸುಳ್ಳಿರಲಿಲ್ಲ. ಸೋಮಲಿಂಗಪ್ಪನಿಗೆ ತಲೆ ಕೆಟ್ಟುಹೋಯಿತು.

ಸಭೆಯ ಹಿಂದಿನ ದಿನ, ಇದಾವುದೂ ತಿಳಿಯದ ಕೋಕಿಲಾ ಮಿಸ್ ಹೋಲ್ಟ್ ಅವರನ್ನು ಮತ್ತೆ ಕರೆತಂದಳು. ಪೆಲ್ಹ್ಯಾಮ್ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲೋಟ ಕೆಳಗಿಡಲು ಮುದುಕರಿಗೆ ಜಾಗವೇ ಸಿಗಲಿಲ್ಲ.

"ವಿನಿ," ಎಂದರು.

"ಆರ್ಥರ್," ಎಂದರು ಆಕೆ.

ಇನ್ನೇನು ಜಗಳವಾಗುತ್ತದೆಂದು ಸೋಮಲಿಂಗಪ್ಪ ಹೆದರಿದ. ಪೆಲ್ಹ್ಯಾಮ್ ಅವನ ಕಡೆ ತಿರುಗಿ, "ಸೋಮಾ, ನಮ್ಮ ಕಾರಿನ ಸರಳು ಕಂಡುಹಿಡಿದವರು ಇವರೇ," ಎಂದರು.

"ಛೆ, ಸುಳ್ಳು! ಅದು ಆರ್ಥರ್ ಅವರದು," ಎಂದರು ಮಿಸ್ ಹೋಲ್ಟ್.

"ಬಟ್ಟೆ ನಿನ್ನ ಕೈಯಲ್ಲಿತ್ತು."

"ಪೆನ್ಸಿಲ್ ನಿಮ್ಮ ಕೈಯಲ್ಲಿತ್ತು."

ಸೋಮಲಿಂಗಪ್ಪ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿದ. ಬೇರೆಬೇರೆ ಇದ್ದಾಗ ನನ್ನದು ಎಂದವರು ಎದುರುಬದುರಾದಾಗ ನಿನ್ನದು ಎನ್ನುತ್ತಿದ್ದಾರೆ! ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದ.

ಸಂಜೆ ಮಿಸ್ ಹೋಲ್ಟ್ ಅವರನ್ನು ಬಸ್ಸಿಗೆ ಬಿಡಲು ಹೋದಾಗ ಸರಳು ನಿಜಕ್ಕೂ ಯಾರದೆಂದು ತಡೆಯಲಾರದೆ ಕೇಳಿಯೇಬಿಟ್ಟ. ಆಕೆ ನಡೆಯುತ್ತಲೇ ಹೇಳಿದರು:

"ನಾವಿಬ್ಬರೂ ಮದುವೆಯಾಗಬೇಕೆಂದಿದ್ದೆವು. ದಿನಾ ಸಂಜೆ ನನ್ನ ಅಡಿಗೆಮನೆಯಲ್ಲಿ ಕೂತು ಅದೇ ಮಾತು, ಅದೇ ಲೆಕ್ಕ. ಯಾರು ಹಿಂಡಿದರು, ಯಾರು ಬರೆದರು ಎಂದು ಆಗ ಯಾರು ನೋಡಿದ್ದರು? ಒಬ್ಬಳೇ ಇದ್ದಾಗ ನನ್ನದೇ ಎಂದು ಗಟ್ಟಿಯಾಗಿ ಅನ್ನಿಸುತ್ತದೆ. ಇವತ್ತು ಅವರ ಮುಖ ನೋಡಿದೆ. ಅಲ್ಲವೇನೋ ಅನ್ನಿಸಿತು. ಅವರಿಗೂ ಹಾಗೇ ಆಗಿರಬೇಕು."

ಮರುದಿನ ಸಂಘದ ಸಭಾಂಗಣ ತುಂಬಿತ್ತು. ಮೇಜಿನ ಮೇಲೆ ಸರಳಿನ ಮಾದರಿ. ಸೋಮಲಿಂಗಪ್ಪ ಎದ್ದು ನಿಂತ. ರೂಢಿಯಾದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಈ ಸರಳು ಕಾವೆಂಟ್ರಿಯ ಒಂದು ಅಡಿಗೆಮನೆಯಲ್ಲಿ ಹುಟ್ಟಿತು. ಅಲ್ಲಿದ್ದವರು ಇಬ್ಬರು. ಪೆಲ್ಹ್ಯಾಮ್ ಅವರು ಇಲ್ಲಿ ಕೂತಿದ್ದಾರೆ, ಮಿಸ್ ಹೋಲ್ಟ್ ಅವರು ಅಲ್ಲಿ ಮುಂದಿನ ಸಾಲಿನಲ್ಲಿದ್ದಾರೆ. ಕಂಡುಹಿಡಿದವರು ಯಾರೆಂದು ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ," ಎಂದು ಹೇಳಿ ಕೂತುಬಿಟ್ಟ.

ಸಭೆಯಲ್ಲಿ ಗುಸುಗುಸು ಎದ್ದಿತು. ನಂಜುಂಡಪ್ಪನವರು ಅವನ ಕಿವಿಯಲ್ಲಿ ಸಿಡುಕಿದರು: "ಏನ್ರೀ, ಪರಿಚಯ ಮಾಡಿ ಅಂದ್ರೆ ಗೊಂದಲ ಎಬ್ಬಿಸ್ಬಿಟ್ರಲ್ಲ!"

ಪೆಲ್ಹ್ಯಾಮ್ ಎದ್ದು ಕಪ್ಪುಹಲಗೆಯ ಮೇಲೆ ಸರಳಿನ ಚಿತ್ರ ಬರೆದು ವಿವರಿಸತೊಡಗಿದರು. ನಡುವೆ ಮಿಸ್ ಹೋಲ್ಟ್ ಕೂತಲ್ಲಿಂದಲೇ, "ಆರ್ಥರ್, ಆ ಕೋನ ತಪ್ಪು," ಎಂದರು. ಅವರು ಸೀಮೆಸುಣ್ಣ ಚಾಚಿದರು. ಆಕೆ ಹೋಗಿ ತಿದ್ದಿದರು. ಅವರು ಅದನ್ನೂ ಅಳಿಸಿದರು. ಹಲಗೆಯ ಮುಂದೆ ಇಬ್ಬರೂ ಹೀಗೆ ವಾದ ಮಾಡುತ್ತಿದ್ದರೆ ಸಭೆ ಸಭೆಯೇ ಕಣ್ಣು ಕೀಳದೆ ನೋಡಿತು.

ಪೆಲ್ಹ್ಯಾಮ್ ಇನ್ನೊಂದು ವಾರ ಉಳಿದರು. ಪ್ರತಿ ಸಂಜೆ ಮಿಸ್ ಹೋಲ್ಟ್ ಬಂದರು. ಕೊನೆಗೆ ಸಾಹೇಬರು ಮದರಾಸಿನ ರೈಲು ಹತ್ತಿ ಹೊರಟರು. ಆಕೆ ಕಾಲೇಜಿಗೆ ಮರಳಿದರು.

ಸ್ಟೇಷನ್ನಿನಿಂದ ಮನೆಗೆ ಬಂದ ಸೋಮಲಿಂಗಪ್ಪ ಕೋಟು ಬಿಚ್ಚುತ್ತ, ಸರಳು ಯಾರದೆಂದು ಇವತ್ತಿಗೂ ಇತ್ಯರ್ಥವಾಗಲಿಲ್ಲ ಎಂದು ಪೇಚಾಡಿಕೊಂಡ.

"ಅದಿರ್ಲಿ. ಅವರಿಬ್ರೂ ಮದ್ವೆ ಯಾಕೆ ಆಗ್ಲಿಲ್ವಂತೆ?" ಜಗದಾಂಬಾ ಕೇಳಿದಳು.

"ಕೇಳಲಿಲ್ಲ."

"ಅಯ್ಯೋ ನಿಮ್ಮ! ಇಷ್ಟು ದಿನ ಜೊತೇಲಿದ್ದು ಬರೀ ಸರಳು ಯಾರ್ದು ಅಂತ ಕೇಳ್ಕೊಂಡು ಕೂತಿದ್ರಾ?"

ಸೋಮಲಿಂಗಪ್ಪ ಕೋಟಿನ ಒಂದು ತೋಳಿನಲ್ಲಿ ಕೈ ಇಟ್ಟುಕೊಂಡೇ ನಿಂತ. ತಾನು ಯಾಕೆ ಕೇಳಲಿಲ್ಲವೆಂಬುದು ಅವನಿಗೂ ಅರ್ಥವಾಗಲಿಲ್ಲ.