ಇನಾಸನ ಹೊಟ್ಟೆಯ ಉಬ್ಬು

ಇನಾಸ್ ಬಾರೆಟೊ ಗೋವಾದ ಕುಡ್ತರಿ ಊರಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಲೇ ಮುದುಕನಾದವನು. ಎದೆ ಕೊಯ್ದು ಬೈಪಾಸ್ ಮಾಡಿದ ಮೇಲೂ ಊದುವುದನ್ನು ಬಿಟ್ಟಿರಲಿಲ್ಲ. ಮೂತ್ರಪಿಂಡದಲ್ಲಿ ಕಲ್ಲಿರಬಹುದೆಂದು ಮಡಗಾಂವಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಕಲ್ಲು ಕಾಣಲಿಲ್ಲ. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿರುವುದು ಕಂಡಿತು.

"ನೋವಿದೆಯಾ?" ಸರ್ಜನ್ ಕೇಳಿದರು.

"ಇಲ್ಲ."

"ಇರಲ್ಲ. ಅದೇ ಭಯ. ಒಡೆದ್ರೆ ಇಲ್ಲಿಗೆ ಬರೋಷ್ಟರಲ್ಲಿ ಮುಗಿದುಹೋಗುತ್ತೆ. ಆಪರೇಶನ್ ಮಾಡಿಸಿ."

ಹೃದಯದ ಡಾಕ್ಟರ್ ಬೇಡವೆಂದು ತಲೆಯಾಡಿಸಿದರು. "ಹೊಟ್ಟೆ ಕೊಯ್ದರೆ ಈ ಹಾರ್ಟು ತಡಕೊಳ್ಳಲ್ಲ. ಬಿಪಿ ಮಾತ್ರೆ ತಗೊಳ್ಳಿ, ಸಿಗರೇಟು ಬಿಡಿ, ಟ್ರಂಪೆಟ್ ಮುಟ್ಟಬೇಡಿ. ಕಾದು ನೋಡೋಣ."

ಏನನ್ನು ಕಾಯುವುದು ಎಂದು ಇನಾಸನಿಗೆ ತಿಳಿಯಲಿಲ್ಲ. ಮನೆಯಲ್ಲಿ ಅಂಗಾತ ಮಲಗಿ ಹೊಕ್ಕುಳ ಮೇಲೆ ಕೈಯಿಟ್ಟುಕೊಂಡ.

"ಪಿಯೆದಾದ್, ಇಲ್ಲಿ ಮುಟ್ಟಿ ನೋಡು. ಬಡೀತಿದೆ."

ಹೆಂಡತಿ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡಳು. "ಮೊದಲೂ ಹೀಗೇ ಬಡೀತಿತ್ತಾ?"

"ಮೊದಲು ಯಾರು ಮುಟ್ಟಿ ನೋಡಿದ್ರು?"

ಅಂದಿನಿಂದ ಅವಳು ಅವನಿಗೆ ನೀರಿನ ಕೊಡ ಎತ್ತಲು ಬಿಡಲಿಲ್ಲ, ಜಗಳವಾಡಲೂ ಬಿಡಲಿಲ್ಲ. ಅವನಿಗೆ ಎರಡನೆಯದೇ ಹೆಚ್ಚು ಕಷ್ಟವಾಯಿತು.

ಬ್ಯಾಂಡಿನ ಮುಖ್ಯಸ್ಥ ರೋಕ್ ಬಂದು ನಕ್ಕ. "ಲೋ, ಟ್ರಂಪೆಟ್ ಊದೋನಿಗೆ ಉಬ್ಬಬೇಕಾದ್ದು ಕೆನ್ನೆ ಕಣೋ! ಸುಮ್ನೆ ಬಂದು ಕೂತ್ಕೋ, ಊದ್ಬೇಡ."

ಇನಾಸ್ ಅಭ್ಯಾಸಕ್ಕೆ ಹೋಗಿ ಕುಳಿತ. ಎಲ್ಲರೂ ಊದುತ್ತಿದ್ದಾಗ ಬೆನ್ನಿನಲ್ಲಿ ಹಿಡಿದಂತಾಯಿತು. ಬೆಂಚು ಒತ್ತಿದ್ದಕ್ಕೋ, ಒಳಗೆ ಒಡೆದದ್ದಕ್ಕೋ? ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಸಾಯುತ್ತೇನೆ. ಅವನು ಬಾಯಿ ತೆರೆಯುವ ಮೊದಲೇ ಅವನ ಮುಖ ನೋಡಿ ರೋಕ್ ವಾದ್ಯ ಕೆಳಗಿಟ್ಟು ಕಾರು ತೆಗೆದ.

ಆಸ್ಪತ್ರೆಯಲ್ಲಿ ನೋಡಿದರೆ ಒಡೆದಿರಲಿಲ್ಲ. ಆದರೆ ಉಬ್ಬು ಬೆಳೆದಿತ್ತು. ಈ ಸಲ ಹೊಸ ಡಾಕ್ಟರೊಬ್ಬಳು ಬಂದಳು. ಹೊಟ್ಟೆ ಕೊಯ್ಯುವುದು ಬೇಡ, ತೊಡೆಯ ಸಂದಿನಿಂದ ನಾಳದೊಳಗೆ ಕೊಳವೆ ತೂರಿಸಬಹುದು, ಅಷ್ಟನ್ನು ಹೃದಯ ತಡೆದೀತು ಎಂದಳು. ಯಾರ ಮಾತು ಸರಿಯೆಂದು ಇನಾಸನಿಗೆ ಗೊತ್ತಾಗಲಿಲ್ಲ. ಪಿಯೆದಾದ್ ಅತ್ತಳು, ಅದಕ್ಕೇ ಹೂಂ ಎಂದ.

ತೊಡೆಯ ಸಂದಿನಲ್ಲಿ ಎರಡು ಸಣ್ಣ ಗಾಯಗಳೊಂದಿಗೆ ಮನೆಗೆ ಬಂದ.

"ಉಬ್ಬು ಹೋಯ್ತಾ?" ಪಿಯೆದಾದ್ ಕೇಳಿದಳು.

"ಅಲ್ಲೇ ಇದೆಯಂತೆ. ರಕ್ತ ಮಾತ್ರ ಕೊಳವೆಯೊಳಗೆ ಹೋಗುತ್ತಂತೆ. ವರ್ಷಾ ವರ್ಷಾ ತೋರಿಸ್ಬೇಕಂತೆ."

"ಹಂಗಾದ್ರೆ ವಾಸಿಯಾಯ್ತೋ ಇಲ್ವೋ?"

"ಅವತ್ತೂ ಚೆನ್ನಾಗೇ ಇದ್ದೆ, ಇವತ್ತೂ ಚೆನ್ನಾಗಿದ್ದೀನಿ. ನಾನೇನು ಹೇಳ್ಲಿ?"

ಚರ್ಚಿನ ಹಬ್ಬದ ಮೆರವಣಿಗೆಗೆ ಬಿಳಿ ಅಂಗಿ ಹಾಕಿಕೊಂಡು ಹೋದ. ಊದಲು ಡಾಕ್ಟರ್ ಇನ್ನೂ ಒಪ್ಪಿರಲಿಲ್ಲ. ಬ್ಯಾಂಡಿನಾಚೆ ಎಲ್ಲಿ ನಿಲ್ಲಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. ಒಮ್ಮೆ ಮುಂದೆ ಹೋದ, ಒಮ್ಮೆ ಹಿಂದೆ ಬಂದ. ಕೊನೆಗೆ ಪಿಯೆದಾದ್ ತೋಳು ಹಿಡಿದು ಹೆಂಗಸರ ಸಾಲಿಗೆ ಎಳೆದುಕೊಂಡಳು. ಅವನು ಅವರೊಂದಿಗೇ ನಡೆದ.