ಪಾರ್ಕಿನಲ್ಲಿ ಕದ್ದ ದನಿ

ನಾನು ಸಿಗಾರ್ ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಗಟ್ಟಿಯಾಗಿ ಓದಿ ಹೇಳುವವಳು. ಬೆಳಿಗ್ಗೆ ಪೇಪರು, ಮಧ್ಯಾಹ್ನ ಕಾದಂಬರಿ. ಎಂಬತ್ತು ಜನ ಹೊಗೆಸೊಪ್ಪಿನ ಎಲೆ ಸುತ್ತುತ್ತಾ ಕೇಳುತ್ತಾರೆ. ಓದಿದ್ದು ಹಿಡಿಸಿದರೆ ಎಲೆ ಕತ್ತರಿಸುವ ಚಪ್ಪಟೆ ಚೂರಿಯಿಂದ ಹಲಗೆಯ ಮೇಲೆ ಟಕಟಕ ಬಡಿಯುತ್ತಾರೆ. ಹಿಡಿಸದಿದ್ದರೆ ಅದನ್ನೇ ನೆಲಕ್ಕೆ ಬಿಸಾಡುತ್ತಾರೆ. ಹದಿನಾಲ್ಕು ವರ್ಷ ಬೇರೆಯವರು ಬರೆದದ್ದಕ್ಕೆ ಬಿದ್ದ ಟಕಟಕವನ್ನೇ ನನ್ನದೆಂದುಕೊಂಡು ಬದುಕಿದೆ. ಒಮ್ಮೆಯಾದರೂ ನಾನೇ ಬರೆದದ್ದಕ್ಕೆ ಅದು ಬೀಳಬೇಕು ಎಂಬ ಹುಚ್ಚು ಹತ್ತಿತು.

ಕಥೆ ಹುಡುಕಲು ಭಾನುವಾರ ಪಾರ್ಕಿಗೆ ಹೋಗುತ್ತಿದ್ದೆ. ಆಗ ನಮ್ಮೂರಲ್ಲಿ ಇಂಟರ್ನೆಟ್ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಕಡಲಾಚೆಗೆ ಹೋದವರ ಜೊತೆ ಊರಿಗೆ ಊರೇ ಅಲ್ಲಿ ಕೂತು ಗಂಟಲು ಹರಿಯುವಂತೆ ಮಾತಾಡುತ್ತಿತ್ತು, ಅಳುತ್ತಿತ್ತು, ಜಗಳಾಡುತ್ತಿತ್ತು. ನಾನು ಮಡಿಲಲ್ಲಿ ಕಡಲೆಕಾಯಿ ಪೊಟ್ಟಣ, ಅದರಡಿ ನೋಟ್‌ಬುಕ್ ಇಟ್ಟುಕೊಂಡು ಸಾಧುವಿನಂತೆ ಕೂರುತ್ತಿದ್ದೆ.

ಒಂದು ಭಾನುವಾರ ಹಿಂದಿನ ಬೆಂಚಿನಿಂದ ಮುದುಕಿಯೊಬ್ಬಳ ದನಿ ಕೇಳಿತು.

"ಹೊಟ್ಟೇಲಿ ಮಗು ಇಟ್ಕೊಂಡು ಮೆಟ್ಲು ಹತ್ತಿಳಿದು ಮಾಡ್ಬೇಡ ಕಣೇ. ನಂಗೇನಾಗಿದೆ, ಗುಂಡುಕಲ್ಲಿನಂಗಿದೀನಿ. ಅಯ್ಯೋ ಕ್ಯಾಮೆರಾ ಬೇಡಮ್ಮ, ಹಲ್ಲಿನ ಸೆಟ್ ಹಾಕಿಲ್ಲ!"

ತಿರುಗಿ ನೋಡಿದರೆ ಮುದುಕಿಯೇ ಇಲ್ಲ. ನಮ್ಮ ಕಾರ್ಖಾನೆಯ ಮೂರನೆಯ ಸಾಲಿನ ನೆರೈದಾ, ಮೂವತ್ತಾರರ ಹೆಂಗಸು, ಒಬ್ಬಳೇ ಕೂತು ಆ ದನಿಯಲ್ಲಿ ಮಾತಾಡುತ್ತಿದ್ದಳು. ಫೋನ್ ಇಟ್ಟು ನನ್ನನ್ನು ಕಂಡವಳೇ ಬಿಳಿಚಿಕೊಂಡಳು.

"ಅಮ್ಮ ಹೋಗಿ ಮೂರು ತಿಂಗ್ಳಾಯ್ತು, ಮಿಗ್ದಾಲಿಯಾ ಅಕ್ಕಾ. ಹಳ್ಳೀಲೇ ಮಣ್ಣು ಮಾಡಿ ಬಂದೆ. ತಂಗಿ ಸೋಯ್ಲಾ ಮ್ಯಾಡ್ರಿಡ್‌ನಲ್ಲಿದಾಳೆ. ಕಾಗದಪತ್ರ ಇಲ್ಲ, ಇಲ್ಲಿಗೆ ಬಂದ್ರೆ ವಾಪಸ್ ಹೋಗೋ ಹಾಗಿಲ್ಲ. ಎರಡು ಬಸುರು ನಿಲ್ಲಲಿಲ್ಲ ಅವ್ಳಿಗೆ. ಇದೊಂದು ಹೆರಿಗೆ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ. ಕಾರ್ಖಾನೇಲಿ ಯಾರಿಗೂ ಗೊತ್ತಿಲ್ಲ. ನೀನು ಬಾಯಿ ಬಿಡ್ಬೇಡ."

"ಸತ್ರೂ ಬಿಡಲ್ಲ ಕಣೇ" ಎಂದೆ.

ಬಾಯಿ ಬಿಡಲಿಲ್ಲ, ನಿಜ. ಬರೆದೆ.

ಹೆಸರು ಬದಲಿಸಿದೆ, ಮ್ಯಾಡ್ರಿಡ್ ಅನ್ನು ಲಿಸ್ಬನ್ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನೆರೈದಾ ಎದುರಿಗೇ ಕೂತಿರುತ್ತಾಳೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳೂ ಚೂರಿ ಬಡಿಯುತ್ತಾಳೆ ಎಂದೇ ನಂಬಿದ್ದೆ. ಅಷ್ಟು ಚೆನ್ನಾಗಿ ಬರೆದಿದ್ದೆ.

ಸೋಮವಾರ ಮಧ್ಯಾಹ್ನ ನನ್ನದೇ ಕಥೆ ಓದುತ್ತೇನೆಂದಾಗ ಮುಂದಿನ ಸಾಲಿನ ಎವೆಲಿಯೊ ಕಿಚಾಯಿಸಿದ: "ಕತೆಗಾರ್ತಿ ಆಗ್ಬಿಟ್ಯಾ ಅಕ್ಕಾ! ನಾನು ಗೊರಕೆ ಹೊಡೆದ್ರೆ ಎಬ್ಬಿಸ್ಬೇಡ."

ಗೊರಕೆ ಹೊಡೆಯಲಿಲ್ಲ, ಕಣ್ಣೊರೆಸಿಕೊಂಡ. ನಾನು ಆ ಮುದುಕಿಯ ದನಿಯನ್ನು ಇದ್ದ ಹಾಗೇ ತೆಗೆದು ಓದಿದ್ದೆ. ಮುಗಿಸಿದ್ದೇ ತಡ, ಚೂರಿಗಳು ಬಡಿದುಕೊಂಡವು. ಹದಿನಾಲ್ಕು ವರ್ಷದಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಎದ್ದು ನಿಂತು ತಲೆಬಾಗಿದೆ.

ಆಗ ಒಂದು ಚೂರಿ ಠಣ್ಣೆಂದು ನೆಲಕ್ಕೆ ಬಿತ್ತು.

ಇಂಥ ಕಥೆಗೆ ಬಿಸಾಡಿದ್ದು ಯಾರಪ್ಪಾ ಎಂದು ಎಲ್ಲರೂ ತಿರುಗಿದರು. ನೆರೈದಾ ಬರಿಗೈಯಲ್ಲಿ ನಿಂತಿದ್ದಳು, ಮುಖ ಸುಣ್ಣದಂತಾಗಿತ್ತು. ಅವಳನ್ನು ನೋಡಿದರು, ನನ್ನನ್ನು ನೋಡಿದರು. ಎವೆಲಿಯೊ ಸಾವಿನ ಮನೆಯಲ್ಲಿ ನಿಂತವನಂತೆ ಮೆಲ್ಲಗೆ ಟೋಪಿ ತೆಗೆದ. ಅವಳ ತಂಗಿ ಕಡಲಾಚೆ ಬಸುರಿ ಎಂಬುದು ಎಲ್ಲರಿಗೂ ಗೊತ್ತಿತ್ತು; ಉಳಿದದ್ದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಜನ ಕೆಟ್ಟವರಲ್ಲ. ಹಬ್ಬಿದ್ದು ಕನಿಕರವೇ. ಗುರುವಾರದ ಹೊತ್ತಿಗೆ ಅದು ಪಾರ್ಕಿನ ಫೋನುಗಳಿಂದ ಕಡಲು ದಾಟಿತ್ತು; ಮ್ಯಾಡ್ರಿಡ್‌ನಲ್ಲಿರುವ ನಮ್ಮೂರವಳೊಬ್ಬಳು ಸೋಯ್ಲಾಳನ್ನು ತಬ್ಬಿಕೊಂಡು, ತಾಯಿ ಹೋದದ್ದಕ್ಕೆ ಸಮಾಧಾನ ಹೇಳಿಬಿಟ್ಟಿದ್ದಳು.

ಭಾನುವಾರ ನೋಟ್‌ಬುಕ್ ಮನೆಯಲ್ಲಿ ಬಿಟ್ಟು, ಕಾಲು ಹಿಡಿಯುವುದಕ್ಕೆಂದೇ ಪಾರ್ಕಿಗೆ ಹೋದೆ. ಅದೇ ಬೆಂಚಿನಲ್ಲಿ ನೆರೈದಾ ಇದ್ದಳು. ಫೋನಿನಿಂದ ತಂಗಿಯ ದನಿ ಜೋರಾಗಿಯೇ ಕೇಳುತ್ತಿತ್ತು.

"ಮಗು ಆರಾಮಾಗಿದೆ ಅಕ್ಕಾ, ಹೆದರ್ಬೇಡ. ನಂಗೆ ಕೋಪಾನೂ ಇಲ್ಲ. ಅಮ್ಮನಿಗೆ ಹೋಗ್ಬಾ ಅಂತ ಹೇಳೋಕಾಗ್ಲಿಲ್ಲ, ಅಷ್ಟೇ. ಒಂದೇ ಒಂದ್ಸಲ ಅಮ್ಮನ ಹಾಗೆ ಮಾತಾಡು. ಹೇಳ್ಬಿಡ್ತೀನಿ."

ನೆರೈದಾ ಬಾಯಿ ತೆರೆದಳು. ಬರೀ ಉಸಿರು ಬಂತು. ಮತ್ತೊಮ್ಮೆ ಪ್ರಯತ್ನಿಸಿದಳು; ಬಂದದ್ದು ಅವಳದೇ ಅಳುವ ದನಿ. "ಬರ್ತಿಲ್ಲ ಕಣೇ. ಎಲ್ಲೋ ಹೋಯ್ತು."

ಆಮೇಲೆ ನನ್ನನ್ನು ನೋಡಿದಳು. ಬೈಯಲಿಲ್ಲ. ಫೋನನ್ನೇ ನನ್ನತ್ತ ಚಾಚಿದಳು.

"ನೀನು ಅಷ್ಟು ಚೆನ್ನಾಗಿ ಓದಿದ್ಯಲ್ಲ ಅಕ್ಕಾ. ನೀನೇ ಮಾತಾಡು."

ಇಸಿದುಕೊಂಡೆ. ಎಂಬತ್ತು ಜನರನ್ನು ಅಳಿಸಿದ ಗಂಟಲಿನಿಂದ ಒಂದಕ್ಷರ ಹೊರಡಲಿಲ್ಲ. ಸುಮ್ಮನೆ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ.

ಆ ಕಡೆ ಸೋಯ್ಲಾ ಮೆಲ್ಲಗೆ ಕೇಳಿದಳು, "ಅಮ್ಮಾ?"