ಯಾರೂ ಮುಟ್ಟದ ಮೊಣಕಾಲು

ಬೀದರಿನ ಆನಂದಮ್ಮ ನರ್ಸ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಓಣಿಯವರಿಗೆಲ್ಲ ಇನ್ನೂ ‘ಸಿಸ್ಟರ್’. ಯಾರಿಗೆ ಜ್ವರ ಬಂದರೂ ಮಾತ್ರೆ ಕೊಡುವ ಮೊದಲು ‘ಯಾಕ ಬಂತು’ ಎಂದು ಕೇಳುವುದು ಅವರ ಚಾಳಿ. ನಿನ್ನೆ ಏನು ತಿಂದೆ, ಎಲ್ಲಿಗೆ ಹೋಗಿದ್ದೆ, ಯಾರ ಮನೆಯ ನೀರು ಕುಡಿದೆ ಎಂದು ಅವರು ಜಾಲಾಡುವಷ್ಟರಲ್ಲಿ ಅರ್ಧ ಜ್ವರ ತಾನಾಗಿಯೇ ಇಳಿದಿರುತ್ತಿತ್ತು. ಅಂಥವರ ಮನೆಯಲ್ಲೇ ಈಗ ಉತ್ತರವಿಲ್ಲದ ಪ್ರಶ್ನೆಯೊಂದು ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಲಗಿತ್ತು.

ಮೊಮ್ಮಗ ರೋನಿ ಗೋವಾದ ಒಂದು ಕ್ಲಬ್ಬಿನಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುವವನು. ರಜೆಗೆಂದು ಬಂದಾಗ, ಕ್ಲಬ್ಬಿನವರ ಒಪ್ಪಿಗೆ ಪಡೆದೇ, ಔರಾದಿನಲ್ಲಿ ನಡೆದ ಬೀದರ–ಔರಾದ ತಂಡಗಳ ವಾರ್ಷಿಕ ಪಂದ್ಯಕ್ಕೆ ಇಳಿದಿದ್ದ. ಆಟದ ನಡುವೆ ಬಲ ಮೊಣಕಾಲು ಹಿಡಿದುಕೊಂಡು ಬಿದ್ದವನನ್ನು ನಾಲ್ಕು ಜನ ಹೊತ್ತು ತರಬೇಕಾಯಿತು. ಸ್ಕ್ಯಾನ್ ಮಾಡಿಸಿದರೆ ಒಳಗೆ ಎಲುಬುಗಳನ್ನು ಬಿಗಿದಿಡುವ ಲಿಗಮೆಂಟು ಹರಿದಿದೆ ಎಂದರು. ಆಪರೇಷನ್ ಆಗಬೇಕು, ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಮೈದಾನ ಮರೆಯಬೇಕು.

“ಔರಾದಿನ ಆ ಸುಭಾನನೇ ಒದ್ದಾನ,” ಎಂದ ಎಡ್ವರ್ಡ. ರೋನಿಯ ಅಪ್ಪನಾದ ಇವನು ಆನಂದಮ್ಮನ ಒಬ್ಬನೇ ಮಗ, ಶಾಲೆಯಲ್ಲಿ ಆಟದ ಮೇಷ್ಟ್ರು. “ಅವನ್ನ ಬಿಟ್ರ ಬಾಜೂಕ ಯಾರಿದ್ರು?”

“ನೀ ಕಣ್ಣಾರೆ ನೋಡೀಯೇನು?”

“ನಾ ಆಚಿ ಗೋಲಿನ ಹತ್ರ ಇದ್ದೆ. ಆದ್ರ ಮಣಕಾಲು ತಾನ ಹರಕೋತದೇನವ್ವಾ?”

ಮರದಿಂದ ಬಿದ್ದವರನ್ನು, ಎತ್ತು ಒದ್ದವರನ್ನು, ಬೈಕಿನಿಂದ ಉರುಳಿದವರನ್ನು ಆನಂದಮ್ಮ ಕಂಡಿದ್ದರು. ತನ್ನಷ್ಟಕ್ಕೆ ತಾನೇ ಹರಿದ ಮೊಣಕಾಲನ್ನು ಮಾತ್ರ ಕಂಡಿರಲಿಲ್ಲ. ರೋನಿಯನ್ನೇ ಕೇಳಿದರು.

“ಗೊತ್ತಿಲ್ಲಜ್ಜಿ. ಒಳಗ ಟಪ್ ಅಂತು, ಬಿದ್ದೆ.” ಅವನು ಗೋಡೆಯ ಕಡೆ ಮುಖ ತಿರುಗಿಸಿದ. “ಯಾರರೆ ಒದ್ದಿದ್ರ ಚೊಲೋ ಇತ್ತು. ಇಲ್ಲಂದ್ರ ನನ್ನ ಕಾಲೇ ಖರಾಬ ಅಂತಾಯ್ತು. ಖರಾಬ ಕಾಲಿಗೆ ಯಾವ ಕ್ಲಬ್ಬು ಪಗಾರ ಕೊಡ್ತದ?”

ಆ ಮಾತು ಆನಂದಮ್ಮನ ಎದೆಗೆ ನಾಟಿತು. ಆದರೆ ಸಂಕಟ ಅಷ್ಟಕ್ಕೇ ನಿಲ್ಲುವಂಥದ್ದಲ್ಲ. ಈ ಎರಡು ತಂಡಗಳದ್ದೊಂದು ಪದ್ಧತಿಯಿದೆ. ಪಂದ್ಯ ಮುಗಿದ ಮೇಲಿನ ಭಾನುವಾರ, ಎರಡೂ ಕಡೆಗೆ ಸೇರದ ಭಾಲ್ಕಿಯಲ್ಲಿ, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂತು ಊಟ ಮಾಡಬೇಕು. ತಾಟು ಇಡುವ ಮೊದಲು, ಯಾರಿಗೆ ಯಾರ ಮೇಲೆ ಸಿಟ್ಟಿದೆಯೋ ಎದ್ದು ಹೇಳಬೇಕು. ದೂರು ನಿಜವೆಂದು ಹಿರಿಯರಿಗೆ ಅನಿಸಿದರೆ ತಪ್ಪು ಮಾಡಿದವನು ಒಂದು ವರ್ಷ ಆಡುವಂತಿಲ್ಲ. ದೂರು ತಪ್ಪಾಗಿದ್ದರೆ ಅದನ್ನು ಹೊತ್ತು ತಂದವನೇ ಎದುರಿನವನ ಕೈಗೆ ನೀರು ಹಾಕಬೇಕು, ಆಮೇಲೆಯೇ ಊಟ.

ಈ ಭಾನುವಾರ ಎಡ್ವರ್ಡ ಎದ್ದು ನಿಲ್ಲುವವನಿದ್ದ. ಸುಭಾನ ಬೇರೆ ಯಾರೋ ಅಲ್ಲ, ರೋನಿಯ ಜೀವದ ಗೆಳೆಯ, ಬೀದರಿನಲ್ಲಿ ಓದುವಾಗ ಎಡ್ವರ್ಡನ ಕೈಯಲ್ಲೇ ಆಟ ಕಲಿತವನು. ಮುಂದಿನ ತಿಂಗಳು ರೋನಿಯ ಕ್ಲಬ್ಬಿನಲ್ಲೇ ಅವನಿಗೆ ಆಯ್ಕೆಯ ಟ್ರಯಲ್ ಇತ್ತು. ಗೆಳೆಯನ ಕಾಲು ಮುರಿದವನೆಂಬ ಹೆಸರು ಹೊತ್ತುಕೊಂಡು ಗೋವಾಕ್ಕೆ ಹೋಗುವುದು ಆಗದ ಮಾತು.

“ಐತಾರ ತನಕ ಬಾಯಿ ಮುಚ್ಕೊಂಡಿರು,” ಎಂದು ಮಗನಿಗೆ ಹೇಳಿ ಆನಂದಮ್ಮ ಚಪ್ಪಲಿ ಮೆಟ್ಟಿದರು.

ಮೊದಲು ಹೋದದ್ದು ಕೇತಕಿಯ ಬಳಿಗೆ. ಆಟದ ಪೆಟ್ಟು ಬಿದ್ದವರಿಗೆ ವ್ಯಾಯಾಮ ಹೇಳಿಕೊಡುವ ಫಿಜಿಯೋಥೆರಪಿಸ್ಟ್ ಅವಳು. ಯಾರೂ ಒದೆಯದೆ ಮೊಣಕಾಲು ಹರಿಯುತ್ತದೆಯೇ ಎಂದು ಆನಂದಮ್ಮ ಕೇಳಿದ್ದಕ್ಕೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ಸಿಸ್ಟರ್, ಫುಟ್‌ಬಾಲ್‌ನ್ಯಾಗ ಈ ಲಿಗಮೆಂಟು ಹರಿಯೋದು ಹೆಚ್ಚಾಗಿ ಯಾರೂ ಮುಟ್ಟದಾಗೇರಿ.”

ಆನಂದಮ್ಮ ಹುಬ್ಬು ಏರಿಸಿದ್ದನ್ನು ನೋಡಿ ಕೇತಕಿ ಎದ್ದು ನಿಂತು ಮಾಡಿಯೇ ತೋರಿಸಿದಳು. ಜೋರಾಗಿ ಓಡಿಬಂದವನು ಗಕ್ಕನೆ ನಿಲ್ಲುತ್ತಾನೆ, ಇಲ್ಲವೇ ದಿಕ್ಕು ಬದಲಿಸುತ್ತಾನೆ. ಮೈಭಾರವೆಲ್ಲ ಒಂದೇ ಕಾಲಿನ ಮೇಲೆ. ಪಾದ ನೆಲಕ್ಕೆ ಊರಿದ್ದು ಊರಿದಂತೆಯೇ ಇರುತ್ತದೆ, ಮೇಲಿನ ತೊಡೆ ಒಳಕ್ಕೆ ತಿರುಗುತ್ತದೆ, ನಡುವಿನ ಮೊಣಕಾಲು ಒಳಕ್ಕೆ ವಾಲುತ್ತದೆ.

“ಬಟ್ಟಿ ಹಿಂಡೋ ಮುಂದ ಒಂದು ತುದಿ ಹಿಡಕೊಂಡು ಇನ್ನೊಂದು ತಿರುವ್ತೀವಲ್ರಿ, ಹಂಗ. ಕಣ್ಣು ಮಿಟುಕಿಸೋದರಾಗ ಮುಗೀತದ. ತೊಡಿ ಸ್ನಾಯು ಎಚ್ಚರಾಗಿ ಹಿಡಕೋಬೇಕಂದ್ರ ಅಷ್ಟು ಟೈಮೇ ಸಿಗಂಗಿಲ್ಲ.”

“ಅಂವ ದಿನಾ ಕಸರತ್ತು ಮಾಡಾಂವ. ಮುದುಕಿ ನಂದು ಹರೀಲಿಲ್ಲ, ಅವಂದ್ಯಾಕ ಹರೀತು?”

“ನೀವು ಅಷ್ಟು ಜೋರ್ ಓಡಂಗಿಲ್ಲ, ಅಷ್ಟು ಜೋರ್ ಬ್ರೇಕೂ ಹಾಕಂಗಿಲ್ರಿ,” ಕೇತಕಿ ನಕ್ಕಳು. “ಮ್ಯಾಚ್ ಮ್ಯಾಲ ಮ್ಯಾಚ್ ಆಡಿ ದಣಿದಿರ್ತಾರ. ಕಣ್ಣು ಚೆಂಡಿನ ಮ್ಯಾಲ, ಎದುರಿನಂವ ಎತ್ತಾಗ ಹೋಗ್ತಾನೋ ಅನ್ನೋದರ ಮ್ಯಾಲ. ತಾ ಕಾಲು ಎಲ್ಲಿ ಇಟ್ಟೆ ಅಂತ ಯಾರು ನೋಡ್ತಾರ? ಇದು ಕಾಲು ಖರಾಬ ಇದ್ದವ್ರಿಗೇ ಆಗ್ತದಂತ ತಿಳಕೋಬ್ಯಾಡ್ರಿ. ಗಟ್ಟಿ ಕಾಲಿನವ್ರಿಗೂ ಆಗ್ತದ.”

“ಹಂಗ ಅಂವ ದಿನಕ್ಕ ನೂರು ಸಲ ತಿರುಗ್ತಾನ. ಅವತ್ತೇ ಯಾಕ?”

“ಕಾರಣ ಒಂದೇ ಇರಂಗಿಲ್ರಿ. ಅವತ್ತು ಪಾದ ಯಾಕ ನೆಲಾ ಬಿಡ್ಲಿಲ್ಲ, ಅದನ್ನ ಮೊದಲು ನೋಡ್ರಿ.”

ಆನಂದಮ್ಮನಂಥವರಿಗೆ ಇಷ್ಟು ಹೇಳಿದರೆ ಮುಗಿಯಿತು. ಮರುದಿನ ಬೆಳಿಗ್ಗೆ ಭಾಲ್ಕಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದರು.

ಆ ಪಂದ್ಯದ ರೆಫರಿ ಮಯೂರನದು ಭಾಲ್ಕಿಯಲ್ಲಿ ಬೀಜ–ಗೊಬ್ಬರದ ಅಂಗಡಿ. ಪಂದ್ಯವಾದಾಗಿನಿಂದ ಕುರುಡನೆಂದು ಬೈಸಿಕೊಂಡು ಅವನು ರೋಸಿಹೋಗಿದ್ದ. ಆನಂದಮ್ಮ ಬಾಯಿ ತೆರೆಯುವ ಮೊದಲೇ ಫೋನು ಮುಂದೆ ಹಿಡಿದ.

“ನೀವರೆ ನೋಡ್ರಿ ಸಿಸ್ಟರ್. ಯಾರೋ ತೆಗೆದ ವಿಡಿಯೋ. ಇಬ್ಬರ ನಡುವ ಒಂದು ಎತ್ತು ಹಾಯ್ದು ಹೋಗೋವಷ್ಟು ಜಾಗ ಅದ.”

ಆನಂದಮ್ಮ ಕನ್ನಡಕ ಒರೆಸಿಕೊಂಡು ನೋಡಿದರು. ಚೆಂಡು ಸುಭಾನನ ಕಾಲಲ್ಲಿತ್ತು. ಅದನ್ನು ಕಸಿಯಲು ರೋನಿ ನುಗ್ಗಿ ಬಂದ. ಸುಭಾನ ಭುಜವನ್ನು ಎಡಕ್ಕೆ ವಾಲಿಸಿ, ಚೆಂಡನ್ನು ಬಲಕ್ಕೆ ತಳ್ಳಿದ. ಮೋಸಹೋದ ರೋನಿ ಬಲಗಾಲು ಊರಿ ತಿರುಗಿದ, ಬಿದ್ದ. ಯಾರ ಕಾಲೂ ಯಾರ ಕಾಲಿಗೂ ತಾಗಿರಲಿಲ್ಲ. ಅವರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು, ಕೊನೆಗೆ ಆಟಗಾರರನ್ನು ಬಿಟ್ಟು ಬರೀ ಆ ಬೂಟನ್ನು ನೋಡತೊಡಗಿದರು. ಮೈಯೆಲ್ಲ ತಿರುಗಿದರೂ ಬೂಟು ಮಾತ್ರ ಇದ್ದಲ್ಲೇ ಇತ್ತು.

“ಬೂಟಿಗೆ ಇಷ್ಟು ಮಣ್ಣು ಯಾಕ ಮೆತ್ತ್ಯದ? ಮಳಿ ಆಗಿತ್ತೇನು?”

“ಮಳಿ ಎಲ್ಲಿ ಬಂತ್ರಿ. ಮುಂಜಾನೆ ಯಾರೋ ಟ್ಯಾಂಕರ್ ತರಿಸಿ ನೀರು ಹೊಡಿಸಿದ್ರಂತ. ನಾ ಹೋಗೋದ್ರಾಗ ಮ್ಯಾಲ ಒಣಗಿತ್ತು.”

ಆನಂದಮ್ಮನ ಕಿವಿ ನಿಮಿರಿತು. ಔರಾದಿನದು ಕಪ್ಪು ಎರೆ ಮಣ್ಣು. ಒಣಗಿದರೆ ಬಿರಿಯುತ್ತದೆ, ನೆನೆದರೆ ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುತ್ತದೆ. ಬುದ್ಧಿ ಇದ್ದವರು ಯಾರೂ ಆಟದ ದಿನ ಅದರ ಮೇಲೆ ನೀರು ಸುರಿಯುವುದಿಲ್ಲ. ಹಾಗೆ ಸುರಿದ ಪುಣ್ಯಾತ್ಮನನ್ನು ನೋಡಲೇಬೇಕೆಂದು ಅವರು ಅಲ್ಲಿಂದಲೇ ಔರಾದಿನ ಬಸ್ಸು ಹತ್ತಿದರು.

ಮೈದಾನದಲ್ಲಿ ಸುಭಾನ ಒಬ್ಬನೇ ಇದ್ದ. ಗೆಳೆಯನ ಅಜ್ಜಿಯನ್ನು ಕಂಡು ಓಡಿಬಂದವನು ಹತ್ತಿರ ಬರುತ್ತಿದ್ದಂತೆ ತಲೆ ತಗ್ಗಿಸಿದ. “ರೋನಿ ಹ್ಯಾಂಗಿದ್ದಾನ ಅಜ್ಜೀ? ಫೋನ್ ಎತ್ತವಲ್ಲ.”

“ಎತ್ತತಾನ ತಗೋ. ಅಂವ ಬಿದ್ದ ಜಾಗ ತೋರ್ಸು.”

ಸುಭಾನ ತೋರಿಸಿದ. ಬಿಸಿಲಿಗೆ ಒಣಗಿ ಕಲ್ಲಾದ ಕಪ್ಪು ಮಣ್ಣಿನಲ್ಲಿ ಬೂಟಿನ ಗುರುತು ಹಾಗೆಯೇ ಉಳಿದಿತ್ತು. ಬೂಟಿನ ತಳದ ಉದ್ದನೆಯ ಮೊಳೆಗಳು ಇಳಿದ ಒಂದೊಂದು ತೂತೂ ಸ್ಪಷ್ಟವಾಗಿತ್ತು. ಜಾರಿದ, ಉಜ್ಜಿದ ಗೆರೆ ಒಂದೂ ಇಲ್ಲ. ಆನಂದಮ್ಮ ನೆಲಕ್ಕೆ ಕೂತು ಬೆರಳಾಡಿಸಿದರು. ಪಾದ ಒಂದಿಷ್ಟು ಜಾರಿದ್ದರೂ ಮೊಣಕಾಲು ಉಳಿಯುತ್ತಿತ್ತೇನೋ.

“ನಾ ಮುಟ್ಟಿಲ್ಲಜ್ಜೀ,” ಎಂದ ಸುಭಾನ. “ಆದ್ರ ನಾ ಆ ಕಡಿ ವಾಲಿದ್ದಕ್ಕೇ ಅಂವ ತಿರುಗಿದ. ಮುಟ್ಟದಿದ್ರೂ ತಪ್ಪು ನಂದೇ ಏನು?”

“ಅದು ಆಟ. ಹಂಗ ವಾಲಿಲ್ಲಂದ್ರ ನಿನಗ ಯಾರು ಟ್ರಯಲ್‌ಗೆ ಕರೀತಿದ್ರು? ಈ ನೀರು ಯಾರು ಹೊಡಿಸಿದ್ರು, ಅದನ್ನ ಹೇಳು.”

ಸುಭಾನ ಬೇರೆ ಕಡೆ ನೋಡಿದ. ಆನಂದಮ್ಮ ಮತ್ತೆ ಕೇಳಿದರು. ಅವರು ಕೇಳಿದ್ದನ್ನು ಬಿಡುವವರಲ್ಲವೆಂದು ಅವನಿಗೂ ಗೊತ್ತಿತ್ತು.

“ಎಡ್ವರ್ಡ ಸರ್ ನನಗ ಫೋನ್ ಮಾಡಿದ್ರು ಅಜ್ಜೀ. ಧೂಳಿಗೆ ರೋನಿ ಜಾರಬಾರ್ದು, ನೀರು ಹೊಡಸ್ರಿ ಅಂದ್ರು. ಇದು ಎರಿ ನೆಲ, ಬ್ಯಾಡ್ರಿ ಅನ್ನಬೇಕಂದೆ. ಸರ್ ಹೇಳಿದ ಮ್ಯಾಲ ಹ್ಯಾಂಗ ಅನ್ಲಿ?”

ಆನಂದಮ್ಮನಿಗೆ ಎಲ್ಲ ಹೊಳೆಯಿತು. ಬೀದರಿನ ಗರಸಿನಂಥ ಕೆಂಪು ಮೊರಂ ನೆಲದಲ್ಲಿ ಎಡ್ವರ್ಡ ಪ್ರತಿ ಪಂದ್ಯಕ್ಕೂ ಮುಂಜಾನೆ ನೀರು ಹೊಡೆಸುತ್ತಿದ್ದ. ಅಲ್ಲಿ ಧೂಳು ಕೂತು ನೆಲ ಗಟ್ಟಿಯಾಗುತ್ತದೆ. ಕೆಂಪು ನೆಲದ ಬುದ್ಧಿಯನ್ನು ಕಪ್ಪು ನೆಲಕ್ಕೆ ಕಳಿಸಿದ್ದ, ಅದೂ ಮಗನ ಮೇಲಿನ ಅಕ್ಕರೆಯಿಂದ.

“ಹುಚ್ಚಪ್ಪಾ, ಇದನ್ನ ಮೊದಲ ಹೇಳಿದ್ರ ನಿನ್ನ ಹೆಸರು ಉಳೀತಿತ್ತಲ್ಲೋ!”

“ನನ್ನ ಹೆಸರು ಉಳೀತಿತ್ರಿ. ಆದ್ರ ತಮ್ಮ ಕೈಯಾರೆ ಮಗನ ಕಾಲು ಹೋತು ಅಂತ ಸರ್ ಜೀವನಪೂರ್ತಿ ಕೊರಗ್ತಿದ್ರು. ಅವರೇ ನನಗ ಚೆಂಡು ಮುಟ್ಟಾಕ ಕಲ್ಸಿದವ್ರು ಅಜ್ಜೀ.”

ಆನಂದಮ್ಮನ ಕಣ್ಣು ತುಂಬಿತು. ಮರಳಿ ಬರುವಾಗ ಬಸ್ಸಿನಲ್ಲಿ ಮೊದಲ ಬಾರಿಗೆ ಅವರಿಗೆ ತಮ್ಮ ಕೆದಕುವ ಚಾಳಿಯ ಮೇಲೆ ಸಿಟ್ಟು ಬಂತು. ಹೇಳಿದರೆ ಮಗ ಕುಸಿಯುತ್ತಾನೆ, ಹೇಳದಿದ್ದರೆ ಸುಭಾನನ ಬದುಕು ಕೆಡುತ್ತದೆ. ಎರಡು ದಿನ ನುಂಗಿಕೊಂಡರು. ಭಾನುವಾರ ಚರ್ಚಿನಿಂದ ಹೊರಬಂದ ಮೇಲೆ ಎಡ್ವರ್ಡನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿಬಿಟ್ಟರು. ಬಟ್ಟೆ ಹಿಂಡಿದಂತೆ ತಿರುಚುವ ಕಾಲು, ದಣಿದ ಮೈ, ಉದ್ದ ಮೊಳೆಯ ಬೂಟು, ಎಡಕ್ಕೆ ವಾಲಿದ ಭುಜ, ಎರೆ ಮಣ್ಣು, ಕಡೆಗೆ ನೀರು.

“ಒಂದರಿಂದ ಆಗಿದ್ದಲ್ಲಪ್ಪಾ,” ಎಂದರು. “ಎಲ್ಲಾ ಕೂಡಿ ಒಂದ ಗಳಿಗ್ಯಾಗ ಬಂದ್ವು.”

ಎಡ್ವರ್ಡ ಭಾಲ್ಕಿಯ ತನಕ ಜೀಪಿನಲ್ಲಿ ಮಗನ ಪಟ್ಟಿ ಕಟ್ಟಿದ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

ಭಾಲ್ಕಿಯಲ್ಲಿ ಜಮಖಾನೆ ಹಾಸಿಯಾಗಿತ್ತು. ಬಿರಿಯಾನಿಯ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಯಾರೂ ಆ ಕಡೆ ನೋಡುತ್ತಿರಲಿಲ್ಲ. ಯಾರಿಗಾದರೂ ಸಿಟ್ಟಿದೆಯೇ ಎಂದು ಮಯೂರ ಕೇಳಿದ. ಎಡ್ವರ್ಡ ಎದ್ದು ನಿಂತ. ಜಮಖಾನೆಯ ಆ ತುದಿಯಲ್ಲಿ ಸುಭಾನ ಕಣ್ಣು ಮುಚ್ಚಿಕೊಂಡ. ಆನಂದಮ್ಮನಿಗೂ ಮಗ ಏನು ಹೇಳುತ್ತಾನೆಂದು ಗೊತ್ತಿರಲಿಲ್ಲ.

“ಸುಭಾನ ಒದ್ದಾನಂತ ಊರೆಲ್ಲಾ ಹೇಳಿದಾಂವ ನಾನು,” ಎಂದ ಎಡ್ವರ್ಡ. “ಅಂವ ಮುಟ್ಟಿಲ್ಲ. ಎರಿ ನೆಲಕ್ಕ ನೀರು ಹೊಡಿಸಿದಾಂವ ನಾನೇ. ನನ್ನ ಮಗನ ಕಾಲು ಅಲ್ಲೇ ಸಿಕ್ಕೊಂಡದ.”

ರೋನಿ ಅಪ್ಪನನ್ನೇ ನೋಡುತ್ತಿದ್ದವನು ಮೆಲ್ಲಗೆ ಕೇಳಿದ: “ಹಂಗಾದ್ರ ನನ್ನ ಕಾಲು ಖರಾಬ ಅಲ್ಲ?”

“ಅಲ್ಲೋ,” ಎಂದರು ಆನಂದಮ್ಮ. “ಗಟ್ಟಿ ಅದ. ಹೊಲಿಸಿಕೊಂಡು ಮತ್ತ ಓಡು.”

ಎಡ್ವರ್ಡ ತಂಬಿಗೆ ಎತ್ತಿಕೊಂಡು ಸುಭಾನನ ಮುಂದೆ ಹೋಗಿ ನಿಂತ. ಸುಭಾನ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. “ನೀವು ಬ್ಯಾಡ್ರಿ ಸರ್. ಗುರುಗಳು ನೀವು.”

“ಪದ್ಧತಿ ಅದ. ಕೈ ಚಾಚು.”

ಸುಭಾನ ಕೈ ಚಾಚಿದ. ಎಡ್ವರ್ಡನ ಕಣ್ಣು ಮಂಜಾಗಿತ್ತು. ಎಷ್ಟು ಸುರಿಯುತ್ತಿದ್ದೇನೆಂಬ ಎಚ್ಚರ ಅವನಿಗಿರಲಿಲ್ಲ. ತಂಬಿಗೆ ಅರ್ಧವಾಯಿತು, ಜಮಖಾನೆ ನೆನೆಯಿತು, ಸುಭಾನನ ಪ್ಯಾಂಟೂ ತೊಯ್ದಿತು.

“ಸಾಕ್ರಿ ಸರ್,” ಎಂದ ಸುಭಾನ ಗಾಬರಿಯಾಗಿ. “ನೀರು ಭಾಳ ಆಯ್ತು.”

ಹೇಳಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿ ನಾಲಿಗೆ ಕಚ್ಚಿಕೊಂಡ. ಮೊದಲು ನಕ್ಕವನು ರೋನಿ. ಬಿದ್ದ ದಿನದಿಂದ ಆ ಮುಖದಲ್ಲಿ ನಗು ಕಂಡಿರದ ಎಡ್ವರ್ಡ ತಂಬಿಗೆ ಕೆಳಗಿಟ್ಟು, ಸುಭಾನನ ಒದ್ದೆ ಕೈಗಳನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟ.